ರಕ್ತನಾಳ ಪೈಪಲ್ಲ: ಒಳಪೊರೆಯ ಮುಪ್ಪಿನ ಬಗ್ಗೆ ಓದುಗರು ಕೇಳಿದ್ದು

ಪ್ರಶ್ನೆ: ನನಗೆ 64 ವರ್ಷ. ಇಸಿಜಿ, ಎಕೋ, ಕೊಲೆಸ್ಟ್ರಾಲ್ ಎಲ್ಲವೂ ಸರಿ ಇವೆ. ಬಿಪಿ ಮಾತ್ರ 156/74 ಬರುತ್ತಿದೆ. ಡಾಕ್ಟರು 'ರಕ್ತನಾಳದ ಒಳಪೊರೆಗೆ ವಯಸ್ಸಾಗಿದೆ, ನಾಳ ಬಿರುಸಾಗಿದೆ' ಎಂದರು. ಬೆಳ್ಳುಳ್ಳಿ, ಶುಂಠಿ, ನಿಂಬೆರಸ, ವಿನೆಗರ್ ಕುದಿಸಿ ಜೇನು ಬೆರೆಸಿ ಕುಡಿದರೆ ನಾಳದೊಳಗಿನ ಕೊಳೆ ತೊಳೆದುಹೋಗುತ್ತದೆ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಕುಡಿಯಬಹುದೇ?
— ನಿವೃತ್ತ ಶಿಕ್ಷಕರು, ಶಿವಮೊಗ್ಗ

ಉತ್ತರ: ರಕ್ತನಾಳವನ್ನು ನಲ್ಲಿ ಪೈಪಿನ ಹಾಗೆ ಊಹಿಸಿಕೊಳ್ಳುವುದರಿಂದಲೇ ಈ ಕಷಾಯದ ನಂಬಿಕೆ ಹುಟ್ಟಿದೆ. ಆದ್ದರಿಂದ ಮೊದಲು ಆ ಚಿತ್ರವನ್ನೇ ತಿದ್ದಿಕೊಳ್ಳೋಣ.

ಹೃದಯದಿಂದ ಹಿಡಿದು ಬೆರಳ ತುದಿಯ ಕೂದಲೆಳೆಗಿಂತಲೂ ಸಣ್ಣ ನಾಳದವರೆಗೆ, ರಕ್ತ ಮುಟ್ಟುವ ಪ್ರತಿ ಜಾಗದಲ್ಲೂ ಒಂದೇ ಒಂದು ಕೋಶದಷ್ಟು ದಪ್ಪದ ಜೀವಂತ ಪೊರೆ ಹಾಸಿಕೊಂಡಿರುತ್ತದೆ. ಇದೇ ಎಂಡೋಥೀಲಿಯಂ. ಬಹಳ ಕಾಲ ಇದನ್ನು ಬರೀ ಅಸ್ತರಿ ಎಂದುಕೊಂಡಿದ್ದರು. 1980ರಲ್ಲಿ ಅಮೆರಿಕದ ರಾಬರ್ಟ್ ಫರ್ಚ್‌ಗಾಟ್ ಮತ್ತು ಜಾನ್ ಜವಾಡ್ಸ್ಕಿ ಮೊಲದ ಮಹಾಪಧಮನಿಯ ತುಂಡುಗಳ ಮೇಲೆ ಪ್ರಯೋಗ ಮಾಡಿದರು. ಅಸಿಟೈಲ್‌ಕೋಲಿನ್ ಎಂಬ ಔಷಧಿ ಹಾಕಿದರೆ ತುಂಡು ಸಡಿಲವಾಗುತ್ತಿತ್ತು. ಒಳಪೊರೆಯನ್ನು ಉಜ್ಜಿ ತೆಗೆದುಬಿಟ್ಟರೆ ಅದೇ ಔಷಧಿಗೆ ಸಡಿಲವಾಗುತ್ತಲೇ ಇರಲಿಲ್ಲ. ಎಂದರೆ 'ಸಡಿಲಾಗು' ಎಂಬ ಆಜ್ಞೆ ಹೊರಡುವುದು ಈ ಪೊರೆಯಿಂದ. ಆ ಆಜ್ಞೆಯನ್ನು ಹೊತ್ತೊಯ್ಯುವುದು ನೈಟ್ರಿಕ್ ಆಕ್ಸೈಡ್ ಎಂಬ ಪುಟ್ಟ ಅನಿಲ ಎಂಬುದು ಮುಂದಿನ ಏಳು ವರ್ಷಗಳಲ್ಲಿ ತಿಳಿಯಿತು. 1998ರಲ್ಲಿ ಫರ್ಚ್‌ಗಾಟ್, ಲೂಯಿ ಇಗ್ನಾರೊ, ಫೆರಿಡ್ ಮುರಾದ್ ಮೂವರಿಗೆ ನೊಬೆಲ್ ಬಂತು.

ರಕ್ತ ಹರಿಯುವಾಗ ಪೊರೆಗೆ ಸವರಿಕೊಂಡು ಹೋಗುತ್ತದಲ್ಲ, ಆ ಉಜ್ಜಾಟವನ್ನು ಕೋಶಗಳು ಗುರುತಿಸುತ್ತವೆ. ಕೂಡಲೇ ಆರ್ಜಿನೈನ್ ಎಂಬ ಅಮೈನೊ ಆಮ್ಲದಿಂದ ನೈಟ್ರಿಕ್ ಆಕ್ಸೈಡ್ ತಯಾರಿಸುತ್ತವೆ. ಅದು ಕೆಳಗಿನ ಸ್ನಾಯುಪದರಕ್ಕೆ ಇಳಿದು ನಾಳವನ್ನು ಅಗಲ ಮಾಡುತ್ತದೆ, ಪ್ಲೇಟ್‌ಲೆಟ್‌ಗಳು ಅಂಟದಂತೆ ತಡೆಯುತ್ತದೆ, ಕೆಲವೇ ಸೆಕೆಂಡುಗಳಲ್ಲಿ ಇಲ್ಲವಾಗುತ್ತದೆ. ಹಾಗಾಗಿ ಪೊರೆ ಅದನ್ನು ಹಗಲೂ ರಾತ್ರಿ ತಯಾರಿಸುತ್ತಲೇ ಇರಬೇಕು.

ವಯಸ್ಸಾದಂತೆ ಈ ತಯಾರಿಕೆ ಒಂದೇ ಕಾರಣಕ್ಕೆ ಕುಸಿಯುವುದಿಲ್ಲ. ಕೋಶದೊಳಗೆ ಸೂಪರ್ ಆಕ್ಸೈಡ್ ಎಂಬ ಉರಿಯುವ ಕಣಗಳು ಹೆಚ್ಚುತ್ತವೆ, ಹುಟ್ಟಿದ ನೈಟ್ರಿಕ್ ಆಕ್ಸೈಡನ್ನು ಹುಟ್ಟಿದಲ್ಲೇ ನುಂಗುತ್ತವೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ತಯಾರಿಸುವ ಕಿಣ್ವಕ್ಕೆ ಟೆಟ್ರಾಹೈಡ್ರೊಬಯೊಪ್ಟೆರಿನ್ ಎಂಬ ಸಹಾಯಕ ವಸ್ತು ಬೇಕು. ಅದು ಕಡಿಮೆಯಾದರೆ ಅದೇ ಕಿಣ್ವ ನೈಟ್ರಿಕ್ ಆಕ್ಸೈಡ್ ಬಿಟ್ಟು ಸೂಪರ್ ಆಕ್ಸೈಡನ್ನೇ ಉಗುಳಲು ಶುರುಮಾಡುತ್ತದೆ. ಕಾಯುವವನೇ ಕಳ್ಳನಾದ ಹಾಗೆ. ಜೊತೆಗೆ, ವಿಭಜನೆ ನಿಲ್ಲಿಸಿಯೂ ಸಾಯದೆ ಉಳಿದ ಮುದಿ ಕೋಶಗಳು ಉರಿಯೂತದ ರಸಗಳನ್ನು ಸುರಿಸುತ್ತ ಪಕ್ಕದ ಕೋಶಗಳನ್ನೂ ಕೆಡಿಸುತ್ತವೆ.

ಇನ್ನು ನಾಳದ ಗೋಡೆ. ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಪ್ರತಿ ಬಡಿತಕ್ಕೂ ಮಹಾಪಧಮನಿ ಹಿಗ್ಗಿ ಕುಗ್ಗಲು ಇಲಾಸ್ಟಿನ್ ಎಂಬ ರಬ್ಬರಿನಂಥ ನಾರು ಬೇಕು. ದೇಹ ಇದನ್ನು ಬಹುಪಾಲು ಬೆಳೆಯುವ ವಯಸ್ಸಿನಲ್ಲೇ ತಯಾರಿಸಿ ಮುಗಿಸಿರುತ್ತದೆ. ಅದು ಹರಿದಾಗ ಆ ಜಾಗಕ್ಕೆ ಬರುವುದು ಕೊಲಾಜೆನ್ ಎಂಬ ಗಟ್ಟಿ ನಾರು. ಹಿಗ್ಗದ ನಾಳಕ್ಕೆ ರಕ್ತ ನುಗ್ಗಿದಾಗ ಮೇಲಿನ ಬಿಪಿ ಏರುತ್ತದೆ, ಮರಳಿ ಒತ್ತುವ ಕಸುವಿಲ್ಲದೆ ಕೆಳಗಿನದು ಇಳಿಯುತ್ತದೆ. ನಿಮ್ಮ 156ರಲ್ಲಿ 74 ಕಳೆದರೆ 82. ಈ ಅಂತರ ಸಾಮಾನ್ಯವಾಗಿ 40ರ ಆಸುಪಾಸು ಇರಬೇಕು, 60 ದಾಟಿದರೆ ನಾಳ ಬಿರುಸಾಗಿದೆ ಎಂದೇ ಲೆಕ್ಕ. 'ಕೆಳಗಿನದು ಚೆನ್ನಾಗಿದೆ, ಮೇಲಿನದು ವಯಸ್ಸಿಗೆ ಸಹಜ' ಎಂದು ಯಾರಾದರೂ ಸಮಾಧಾನ ಹೇಳಿದರೆ ಒಪ್ಪಬೇಡಿ. ಪಾರ್ಶ್ವವಾಯುವಿಗೆ ದಾರಿ ಮಾಡುವುದು ಆ ಮೇಲಿನದೇ.

ಈಗ ಕಷಾಯ. ಕೊಬ್ಬು ನಾಳದ ಒಳಮೈಗೆ ಪಾಚಿಯಂತೆ ಮೆತ್ತಿಕೊಂಡಿರುವುದಿಲ್ಲ. ದುರ್ಬಲವಾದ ಪೊರೆಯನ್ನು ದಾಟಿ ಅದರ ಕೆಳಗೆ, ಗೋಡೆಯೊಳಗೆ ಸೇರಿ ಕೂತಿರುತ್ತದೆ. ಹೊಟ್ಟೆಗೆ ಹೋದ ಯಾವ ರಸವೂ ಅಲ್ಲಿಗೆ ಹೋಗಿ ಉಜ್ಜಿ ತೊಳೆಯಲಾರದು. ಲೋಹಗಳನ್ನು ಹಿಡಿದುಕೊಳ್ಳುವ ಇಡಿಟಿಎ ಎಂಬ ರಾಸಾಯನಿಕದ ಡ್ರಿಪ್ ಹಾಕಿ 'ನಾಳ ಸ್ವಚ್ಛ ಮಾಡುವ' ಕೀಲೇಶನ್ ಚಿಕಿತ್ಸೆಗೂ ಇದೇ ಮಾತು. ಹೃದಯಾಘಾತವಾಗಿದ್ದ ಮಧುಮೇಹಿಗಳ ಮೇಲೆ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 2024ರಲ್ಲಿ ಹೊರಬಂತು, ಪ್ರಯೋಜನ ಕಾಣಲಿಲ್ಲ. ಸಾರಿನ ಒಗ್ಗರಣೆಗೆ ಬೆಳ್ಳುಳ್ಳಿ ಧಾರಾಳವಾಗಿ ಹಾಕಿಕೊಳ್ಳಿ. ಕಷಾಯ ನಂಬಿ ಬಿಪಿ ಮಾತ್ರೆ ಮುಂದೂಡಬೇಡಿ.

ಆ 156 ನಿಜವೇ ಎಂದು ಮನೆಯಲ್ಲಿ ಖಚಿತಪಡಿಸಿಕೊಳ್ಳಿ. ಮಣಿಕಟ್ಟಿನ ಯಂತ್ರ ಬೇಡ, ತೋಳಿಗೆ ಕಟ್ಟುವುದು ಇರಲಿ. ಪಟ್ಟಿ ಚಿಕ್ಕದಾದರೆ ಬಿಪಿ ಸುಳ್ಳೇ ಹೆಚ್ಚು ತೋರಿಸುತ್ತದೆ. ಅಳೆಯುವ ಅರ್ಧ ಗಂಟೆ ಮೊದಲು ಕಾಫಿ ಬೇಡ, ಮೂತ್ರ ಕಟ್ಟಿಕೊಂಡು ಕೂರಬೇಡಿ. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ತೋಳನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿಟ್ಟು, 5 ನಿಮಿಷ ಮಾತಾಡದೆ ಕೂತು ಅಳೆಯಿರಿ. ಒಂದು ನಿಮಿಷ ಬಿಟ್ಟು ಮತ್ತೊಮ್ಮೆ. ಬೆಳಿಗ್ಗೆ ಮಾತ್ರೆಗೆ ಮೊದಲು, ಸಂಜೆ ಊಟಕ್ಕೆ ಮೊದಲು, ಹೀಗೆ 7 ದಿನ. ಮೊದಲ ದಿನದ್ದು ಬಿಟ್ಟು ಉಳಿದವುಗಳ ಸರಾಸರಿ 135/85 ದಾಟಿದರೆ ಚಿಕಿತ್ಸೆಯ ಮಾತು ಬರುತ್ತದೆ. ಮಾತ್ರೆ ಶುರುವಾದ ಮೇಲೆ ಎದ್ದುನಿಂತು 1 ಮತ್ತು 3 ನಿಮಿಷಕ್ಕೂ ನೋಡಿ. ಮೇಲಿನದು 20ಕ್ಕಿಂತ ಹೆಚ್ಚು ಇಳಿದರೆ ಡಾಕ್ಟರಿಗೆ ತಿಳಿಸಿ, ಬಿರುಸು ನಾಳದವರು ತಲೆಸುತ್ತಿ ಬೀಳುವುದು ಹೀಗೇ.

ಪ್ರಶ್ನೆ: ಹೆಲ್ತ್ ಪ್ಯಾಕೇಜಿನಲ್ಲಿ 'ರಕ್ತನಾಳದ ವಯಸ್ಸು' ಅಳೆಯುತ್ತೇವೆ ಎಂದು ಜಾಹೀರಾತು ನೋಡಿದೆ. ಒಳಪೊರೆಯ ಸ್ಥಿತಿ ತಿಳಿಯಲು ನಿಜವಾದ ಪರೀಕ್ಷೆ ಇದೆಯೇ?
— ಓದುಗರು, ದಾವಣಗೆರೆ

ಉತ್ತರ: ಇದೆ, ಆದರೆ ಅದು ಸಂಶೋಧನೆಯ ಕೆಲಸಕ್ಕೆ. ಕನಿಷ್ಠ 6 ಗಂಟೆ ಉಪವಾಸವಿದ್ದು ಮಲಗಿದವರ ತೋಳಿನ ಅಪಧಮನಿಯ ಅಗಲವನ್ನು ಅಲ್ಟ್ರಾಸೌಂಡಿನಲ್ಲಿ ಅಳೆಯುತ್ತಾರೆ. ಮುಂಗೈಗೆ ಬಿಪಿ ಪಟ್ಟಿ ಕಟ್ಟಿ, ಮೇಲಿನ ಬಿಪಿಗಿಂತ ಸುಮಾರು 50 ಹೆಚ್ಚು ಒತ್ತಡದಲ್ಲಿ 5 ನಿಮಿಷ ರಕ್ತ ತಡೆದು, ಥಟ್ಟನೆ ಬಿಡುತ್ತಾರೆ. ತಡೆದಿದ್ದ ರಕ್ತ ನುಗ್ಗಿದಾಗ ಪೊರೆ ಎಚ್ಚರವಾಗಿದ್ದರೆ ಒಂದು ನಿಮಿಷದ ಹೊತ್ತಿಗೆ ನಾಳ ಅಗಲವಾಗುತ್ತದೆ. ಆರೋಗ್ಯವಂತ ಯುವಕರಲ್ಲೂ ಈ ಹಿಗ್ಗುವಿಕೆ ಶೇಕಡಾ 10ರ ಒಳಗೇ ಇರುವುದು ಸಾಮಾನ್ಯ. ಸುಮಾರು 4 ಮಿಲಿಮೀಟರ್ ಅಗಲದ ನಾಳದಲ್ಲಿ ಅದು ಎಷ್ಟು ಸೂಕ್ಷ್ಮ ವ್ಯತ್ಯಾಸ ಎಂದು ಲೆಕ್ಕ ಹಾಕಿ. ಕೈ ಸ್ವಲ್ಪ ಜರುಗಿದರೆ, ಬೆಳಿಗ್ಗೆ ಕಾಫಿ ಕುಡಿದಿದ್ದರೆ, ಕೋಣೆ ತಣ್ಣಗಿದ್ದರೆ ಉತ್ತರವೇ ಬದಲಾಗುತ್ತದೆ. ಆದ್ದರಿಂದ ಒಬ್ಬ ವ್ಯಕ್ತಿಯ ಚಿಕಿತ್ಸೆಯನ್ನು ಇದರ ಮೇಲೆ ನಿರ್ಧರಿಸುವುದಿಲ್ಲ. ನಾಡಿಯ ಅಲೆ ಕುತ್ತಿಗೆಯಿಂದ ತೊಡೆಸಂದಿಗೆ ತಲುಪುವ ವೇಗವೂ ಉಪಯುಕ್ತ ಅಳತೆ. ಸೆಕೆಂಡಿಗೆ 10 ಮೀಟರ್ ದಾಟಿದರೆ ನಾಳ ಬಿರುಸಾಗಿದೆ ಎನ್ನುತ್ತಾರೆ. ಪ್ಯಾಕೇಜಿನ ಯಂತ್ರಗಳು ಹಲವು ಸಲ ಬೆರಳಿನ ನಾಡಿಯಿಂದ ಇದನ್ನು ಊಹಿಸುತ್ತವೆ, ಅಳೆಯುವುದಿಲ್ಲ.

ಅದೇ ದುಡ್ಡಿಗೆ ಮೂತ್ರದಲ್ಲಿ ಆಲ್ಬ್ಯುಮಿನ್–ಕ್ರಿಯಾಟಿನಿನ್ ಅನುಪಾತ ಮಾಡಿಸಿ ಎಂಬುದು ನಮ್ಮ ಸಲಹೆ. ಮೂತ್ರಪಿಂಡದ ಜರಡಿಯಲ್ಲೂ ಇದೇ ಒಳಪೊರೆ ಇದೆ, ಅದು ಹಾಳಾದಾಗ ಆಲ್ಬ್ಯುಮಿನ್ ಎಂಬ ಪ್ರೋಟೀನ್ ಸೋರುತ್ತದೆ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಆಲ್ಬ್ಯುಮಿನ್ 30 ಮಿಲಿಗ್ರಾಂ ಒಳಗಿದ್ದರೆ ಸರಿ. ಜ್ವರ, ಮೂತ್ರದ ಸೋಂಕು, ಹಿಂದಿನ ದಿನದ ಭಾರಿ ವ್ಯಾಯಾಮ ಇದ್ದರೆ ಸುಳ್ಳೇ ಏರುತ್ತದೆ. ಹೆಚ್ಚು ಬಂದರೆ ಕೆಲವು ವಾರ ಬಿಟ್ಟು ಮತ್ತೆ ಮಾಡಿಸಿ. ಇದರ ಜೊತೆಗೆ ಬಿಪಿ, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್), ಕೊಲೆಸ್ಟ್ರಾಲ್ ಇದ್ದರೆ ಪೊರೆಯ ಬಗ್ಗೆ ತಿಳಿಯಬೇಕಾದ ಬಹುಪಾಲು ತಿಳಿದಂತೆ.

ಪ್ರಶ್ನೆ: ಹೋಟೆಲಿನ ಗಲ್ಲಾದಲ್ಲಿ ದಿನಕ್ಕೆ 10 ಗಂಟೆ ಕೂರುವ ಕೆಲಸ. ವಯಸ್ಸು 57. ವಾಕಿಂಗ್ ಮಾಡಿದರೆ ಹೋದ ಪೊರೆ ವಾಪಸ್ ಬರುತ್ತದೆಯೇ? ಎಷ್ಟು ಮಾಡಬೇಕು?
— ಓದುಗರು, ಮಂಡ್ಯ

ಉತ್ತರ: ಪೊರೆ ಹೋಗಿಲ್ಲ, ಕೆಲಸ ಕಡಿಮೆ ಮಾಡಿದೆ. ನಡೆದಾಗ ರಕ್ತದ ಹರಿವು ಹೆಚ್ಚುತ್ತದೆ, ಹರಿವಿನ ಉಜ್ಜಾಟವೇ ಪೊರೆಗೆ ಸಿಗುವ ಸೂಚನೆ. ಇದಕ್ಕೆ ಒಳ್ಳೆಯ ಸಾಕ್ಷಿ ಇದೆ. 2000ದಲ್ಲಿ ಪ್ರಕಟವಾದ ಅಮೆರಿಕದ ಕೊಲರಾಡೊದ ಅಧ್ಯಯನದಲ್ಲಿ, ವ್ಯಾಯಾಮವಿಲ್ಲದೆ ಕೂತಿದ್ದ ಮಧ್ಯವಯಸ್ಸಿನ ಮತ್ತು ಹಿರಿಯ ಗಂಡಸರು 3 ತಿಂಗಳು ನಡೆದರು. ಕೊನೆಗೆ ಅವರ ಪೊರೆಯ ಸ್ಪಂದನೆ ಯುವಕರ ಮಟ್ಟಕ್ಕೆ ಬಂದಿತ್ತು.

ಅವರು ಉದ್ಯಾನದಲ್ಲಿ ಹರಟುತ್ತ ಅಡ್ಡಾಡಿದ್ದಲ್ಲ. ವಾರಕ್ಕೆ 5–6 ದಿನ, ದಿನಕ್ಕೆ 40–45 ನಿಮಿಷ, ಗರಿಷ್ಠ ನಾಡಿಯ ಶೇಕಡಾ 70–75ರ ವೇಗದಲ್ಲಿ ನಡೆದದ್ದು. ನಿಮ್ಮ ಲೆಕ್ಕ: 220ರಲ್ಲಿ 57 ಕಳೆದರೆ 163, ಅದರ ಶೇಕಡಾ 70–75 ಎಂದರೆ ನಿಮಿಷಕ್ಕೆ 114ರಿಂದ 122. ಮಾತಾಡಬಹುದು, ಹಾಡಲಾಗದು, ಆ ವೇಗ ಅದು. ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ನಾಡಿ ನಿಧಾನಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ನಾಡಿ ಅಷ್ಟು ಏರುವುದಿಲ್ಲ, ಆಗ ಎಣಿಕೆ ಬಿಟ್ಟು ಈ ಮಾತಿನ ಪರೀಕ್ಷೆಯನ್ನೇ ನಂಬಿ. ಮೊದಲ ಎರಡು ವಾರ 15 ನಿಮಿಷ ಸಾಕು, ಆಮೇಲೆ ವಾರಕ್ಕೆ 5 ನಿಮಿಷ ಸೇರಿಸುತ್ತ ಹೋಗಿ. ಎದೆ ಬಿಗಿದರೆ, ದವಡೆಗೋ ಎಡತೋಳಿಗೋ ನೋವು ಬಂದರೆ ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ನಡೆದಾಗ ಮೀನಖಂಡ ಹಿಡಿದು, ನಿಂತರೆ ಬಿಡುವುದಾದರೆ ಅದು ಬರೀ ಸುಸ್ತಲ್ಲ, ಕಾಲಿನ ಅಪಧಮನಿ ಕಿರಿದಾಗಿರಬಹುದು, ತೋರಿಸಿ.

ಬೆಳಿಗ್ಗೆ ನಡೆದು ಉಳಿದ 10 ಗಂಟೆ ಅಲುಗಾಡದೆ ಕೂತರೆ ಅರ್ಧ ಕೆಲಸ ನೀರಿಗೆ ಹೋದಂತೆ. ಮೂರು ಗಂಟೆ ಒಂದೇ ಸಮ ಕೂತರೇ ಕಾಲಿನ ನಾಳದ ಸ್ಪಂದನೆ ಇಳಿಯುತ್ತದೆ. ಗಂಟೆಗೆ 5 ನಿಮಿಷ ನಿಧಾನವಾಗಿ ನಡೆದವರಲ್ಲಿ ಅದು ಇಳಿಯಲಿಲ್ಲ. ಗಲ್ಲಾ ಬಿಟ್ಟು ಏಳಲಾಗದ ಹೊತ್ತಿನಲ್ಲಿ ಕೂತಲ್ಲೇ ಒಂದು ನಿಮಿಷ ಹಿಮ್ಮಡಿ ಎತ್ತಿ ಇಳಿಸುತ್ತ ಕಾಲು ಅಲ್ಲಾಡಿಸಿ, ನಾಲ್ಕು ನಿಮಿಷ ಬಿಟ್ಟು ಮತ್ತೆ ಮಾಡಿ. 'ಕೂತು ಕಾಲು ಕುಣಿಸಬೇಡ' ಎಂದು ಹಿರಿಯರು ಗದರುತ್ತಿದ್ದರು. ಈ ವಿಷಯದಲ್ಲಿ ಕುಣಿಸುವುದೇ ಸರಿ.

ಮಂಡಿನೋವಿನಿಂದ ನಡೆಯಲಾಗದವರಿಗೆ ಸೈಕಲ್, ಈಜು ಆಗುತ್ತವೆ. ಉಸಿರೆಳೆಯುವ ಸ್ನಾಯುಗಳಿಗೆ ಪ್ರತಿರೋಧ ಕೊಡುವ ಕೈಯಳತೆಯ ಸಾಧನವೂ ಇದೆ. 2021ರ ಒಂದು ಸಣ್ಣ ಅಧ್ಯಯನದಲ್ಲಿ 50 ದಾಟಿದವರು ದಿನಕ್ಕೆ 30 ಉಸಿರು, ವಾರಕ್ಕೆ 6 ದಿನ, 6 ವಾರ ಮಾಡಿದಾಗ ಮೇಲಿನ ಬಿಪಿ ಸರಾಸರಿ 9 ಇಳಿಯಿತು, ಪೊರೆಯ ಸ್ಪಂದನೆಯೂ ಸುಧಾರಿಸಿತು. ಹೆಚ್ಚು ಪ್ರತಿರೋಧದಲ್ಲಿ ಮಾಡಿದ್ದರಿಂದ ಬಂದ ಫಲ ಅದು. ಮೂರು ಚೆಂಡು ಏರಿಸುವ ಪ್ಲಾಸ್ಟಿಕ್ ಡಬ್ಬಿ ಬೇರೆ, ಅದರಿಂದ ಇದನ್ನು ನಿರೀಕ್ಷಿಸಬೇಡಿ.

ಪ್ರಶ್ನೆ: ಬೀಡಿ ಬಿಟ್ಟು ಆರು ತಿಂಗಳಾಯಿತು. 30 ವರ್ಷ ಸೇದಿದ್ದೇನೆ. ಈಗ ಬಿಟ್ಟು ಏನು ಪ್ರಯೋಜನ?
— ಓದುಗರು, ಬಳ್ಳಾರಿ

ಉತ್ತರ: ಪ್ರಯೋಜನ ಇದೆ. ಸಿಗರೇಟು ಬಿಟ್ಟವರ ಒಳಪೊರೆ ವರ್ಷದೊಳಗೆ ಅಳೆಯಬಹುದಾದಷ್ಟು ಸುಧಾರಿಸಿದ್ದನ್ನು ಸಾವಿರಕ್ಕೂ ಹೆಚ್ಚು ಜನರ ಅಧ್ಯಯನದಲ್ಲಿ ನೋಡಿದ್ದಾರೆ. ಬಿಟ್ಟ ಬಳಿಕ ಅವರ ತೂಕ ಏರಿತ್ತು, ಆದರೂ ಪೊರೆ ಸುಧಾರಿಸಿತ್ತು. ಬೀಡಿಯ ಬದಲಿಗೆ ತಂಬಾಕು ಜಗಿಯಲು ಮಾತ್ರ ಶುರುಮಾಡಬೇಡಿ.

ಪ್ರಶ್ನೆ: ನನಗೆ 53. ಮುಟ್ಟು ನಿಂತು ಎರಡು ವರ್ಷ. ಯಾವಾಗಲೂ 110 ಇರುತ್ತಿದ್ದ ಬಿಪಿ ಈಗ 138. ಊಟ, ಕೆಲಸ ಏನೂ ಬದಲಾಗಿಲ್ಲ. ಹಾರ್ಮೋನ್ ಮಾತ್ರೆ ತೆಗೆದುಕೊಂಡರೆ ಸರಿಹೋಗುತ್ತದೆಯೇ?
— ಗೃಹಿಣಿ, ಹುಬ್ಬಳ್ಳಿ

ಉತ್ತರ: ನೀವು ಬದಲಾಗದಿದ್ದರೂ ಪೊರೆಗೆ ಸಿಗುತ್ತಿದ್ದ ಬೆಂಬಲ ಬದಲಾಗಿದೆ. ಮುಟ್ಟು ನಿಂತಾಗ ಇಳಿಯುವ ಈಸ್ಟ್ರೊಜೆನ್ ಎಂಬ ಹಾರ್ಮೋನ್ ಒಳಪೊರೆಯ ಕಿಣ್ವವನ್ನು ಚುರುಕಾಗಿಡುತ್ತದೆ. 1994ರಲ್ಲಿ ಪ್ರಕಟವಾದ 238 ಆರೋಗ್ಯವಂತರ ಅಧ್ಯಯನದಲ್ಲಿ ಇದು ಸ್ಪಷ್ಟವಾಗಿ ಕಂಡಿತು. ಗಂಡಸರಲ್ಲಿ ಪೊರೆಯ ಸ್ಪಂದನೆ 40ರ ನಂತರ ವರ್ಷಕ್ಕೆ ಶೇಕಡಾ 0.21 ಅಂಶದಂತೆ ಇಳಿಯಿತು. ಹೆಂಗಸರಲ್ಲಿ 50ರ ಆರಂಭದವರೆಗೆ ಹಾಗೇ ಉಳಿದು, ಆಮೇಲೆ ವರ್ಷಕ್ಕೆ 0.49ರಂತೆ, ಎಂದರೆ ಎರಡು ಪಟ್ಟಿಗೂ ಹೆಚ್ಚು ವೇಗದಲ್ಲಿ ಕುಸಿಯಿತು. 'ಹೃದ್ರೋಗ ಗಂಡಸರ ಕಾಯಿಲೆ' ಎಂಬ ಮಾತು ನಂಬಿ ಈ ವಯಸ್ಸಿನ ಎಷ್ಟೋ ತಾಯಂದಿರು ಬಿಪಿ ನೋಡಿಸಿಕೊಳ್ಳುವುದೇ ಇಲ್ಲ. ಇದು ನಮಗೆ ನಿಜಕ್ಕೂ ಕಳವಳದ ವಿಷಯ.

ಹಾರ್ಮೋನ್ ಮಾತ್ರೆಯನ್ನು ಬಿಪಿಗೋ ಹೃದಯ ರಕ್ಷಣೆಗೋ ಕೊಡುವುದಿಲ್ಲ. 2002ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ಈಸ್ಟ್ರೊಜೆನ್–ಪ್ರೊಜೆಸ್ಟಿನ್ ಒಟ್ಟಿಗೆ ತೆಗೆದುಕೊಂಡವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಸ್ತನ ಕ್ಯಾನ್ಸರ್ ಹೆಚ್ಚಿದವು. ಮೈ ಬೆಂಕಿಯಾಗುವುದು, ರಾತ್ರಿ ಬೆವರುವುದು ತಡೆಯಲಾರದಷ್ಟಿದ್ದರೆ, 60ರೊಳಗೆ ಅಥವಾ ಮುಟ್ಟು ನಿಂತ 10 ವರ್ಷದೊಳಗೆ, ತಜ್ಞರು ಪರೀಕ್ಷಿಸಿ ಕೊಡಬಹುದು. ಅದು ಬೇರೆ ಲೆಕ್ಕ.

ಇನ್ನೊಂದು ಮಾತನ್ನು ಮುಚ್ಚಿಡಬಾರದು: ಮುಟ್ಟು ನಿಂತವರಲ್ಲಿ ನಡಿಗೆಯಿಂದ ಪೊರೆ ಸುಧಾರಿಸುವುದು ಗಂಡಸರಷ್ಟು ನಿಶ್ಚಿತವಾಗಿ ಕಂಡುಬಂದಿಲ್ಲ. ಆದರೂ ಬಿಪಿ, ಶುಗರ್, ಮೂಳೆ, ನಿದ್ದೆ ನಾಲ್ಕಕ್ಕೂ ನಡಿಗೆ ಬೇಕೇಬೇಕು. ನಿಮ್ಮ ವಿಷಯದಲ್ಲಿ ಉಪ್ಪಿನ ಕಡೆಗೂ ಕಣ್ಣಿರಲಿ. ದಿನಕ್ಕೆ 5 ಗ್ರಾಂ, ಎಂದರೆ ಮಟ್ಟಸವಾಗಿ ಒಂದು ಟೀ ಚಮಚಕ್ಕೂ ತುಸು ಕಡಿಮೆ, ಅದರಲ್ಲೇ ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ, ಚೂಡಾ ಎಲ್ಲ ಸೇರಬೇಕು. ಬಿಪಿ ಏರದವರಲ್ಲೂ ಹೆಚ್ಚು ಉಪ್ಪು ಒಳಪೊರೆಯ ಸ್ಪಂದನೆಯನ್ನು ಕುಗ್ಗಿಸುತ್ತದೆ.

ಬಸಿರಿನಲ್ಲಿ ಬಿಪಿ ಏರಿ ಕಾಲು ಊದಿತ್ತೇ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿತ್ತೇ ನೆನಪು ಮಾಡಿಕೊಳ್ಳಿ. ಪ್ರಿಎಕ್ಲಾಂಪ್ಸಿಯಾ ಎಂಬ ಆ ಬಸಿರಿನ ನಂಜು ಒಳಪೊರೆಯದ್ದೇ ತೊಂದರೆ. ಅದಾದವರಿಗೆ ದಶಕಗಳ ನಂತರವೂ ಬಿಪಿ, ಹೃದ್ರೋಗದ ಅಪಾಯ ಹೆಚ್ಚು. ಡಾಕ್ಟರು ಕೇಳದಿದ್ದರೂ ನೀವಾಗಿಯೇ ಹೇಳಿ.

ಪ್ರಶ್ನೆ: ಬೀಟ್‌ರೂಟ್ ಜ್ಯೂಸ್ ಬಿಪಿ ಇಳಿಸುತ್ತದೆಂದು ದಿನಾ ಕುಡಿಯುತ್ತಿದ್ದೇನೆ. ವ್ಯತ್ಯಾಸವೇ ಕಾಣಿಸುತ್ತಿಲ್ಲ. ಯಾಕೆ?
— ಓದುಗರು, ಮೈಸೂರು

ಉತ್ತರ: ಮೊದಲು ಕೇಳಬೇಕಾದ್ದು: ನೀವು ಮೌತ್‌ವಾಶ್ ಬಳಸುತ್ತೀರಾ? ಬೀಟ್‌ರೂಟಿನಲ್ಲಿರುವುದು ನೈಟ್ರೇಟ್. ಅದು ಹೊಟ್ಟೆಯಿಂದ ರಕ್ತಕ್ಕೆ, ರಕ್ತದಿಂದ ಜೊಲ್ಲಿಗೆ ಬರುತ್ತದೆ. ನಾಲಿಗೆಯ ಹಿಂಭಾಗದ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಅದನ್ನು ನುಂಗಿದ ಮೇಲೆ ದೇಹ ನೈಟ್ರಿಕ್ ಆಕ್ಸೈಡ್ ಮಾಡಿಕೊಳ್ಳುತ್ತದೆ. ಮುದಿ ಪೊರೆಯ ಕಿಣ್ವವನ್ನು ಕಾಯದೆ ಸಿಗುವ ಪಕ್ಕದ ದಾರಿ ಇದು. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಆ ಬ್ಯಾಕ್ಟೀರಿಯಾಗಳನ್ನೇ ಕೊಲ್ಲುತ್ತದೆ, ದಾರಿ ಅಲ್ಲಿಗೇ ಮುಚ್ಚುತ್ತದೆ. ದಂತವೈದ್ಯರು ಇಷ್ಟು ದಿನ ಎಂದು ಬರೆದುಕೊಟ್ಟಿದ್ದರೆ ಅಷ್ಟೇ ದಿನ ಬಳಸಿ.

ಪ್ರಮಾಣವೂ ಮುಖ್ಯ. ಲಂಡನ್ನಿನ ಅಧ್ಯಯನದಲ್ಲಿ ಬಿಪಿ ಇದ್ದವರು ದಿನಕ್ಕೆ 250 ಮಿಲಿ, 4 ವಾರ ಕುಡಿದಾಗ ಮೇಲಿನ ಬಿಪಿ ಸುಮಾರು 8 ಇಳಿಯಿತು. ನಿಲ್ಲಿಸಿದ ಮೇಲೆ ಮತ್ತೆ ಏರಿತು. ಅರ್ಧ ಬೀಟ್‌ರೂಟನ್ನು ಲೋಟ ನೀರಿನಲ್ಲಿ ರುಬ್ಬಿ ಸೋಸಿ ಸಕ್ಕರೆ ಹಾಕಿದರೆ ಆ ಪ್ರಮಾಣ ಸಿಗುವುದಿಲ್ಲ. ಮೂತ್ರ ಕೆಂಪಾದರೆ ಗಾಬರಿ ಬೇಡ, ಅದು ಬಣ್ಣ ಮಾತ್ರ.

ಜ್ಯೂಸೇ ಆಗಬೇಕೆಂದಿಲ್ಲ. ದಂಟು, ಹರಿವೆ, ಪಾಲಕ್, ಮೂಲಂಗಿ ಎಲ್ಲದರಲ್ಲೂ ನೈಟ್ರೇಟ್ ಇದೆ. ಅದು ನೀರಿನಲ್ಲಿ ಕರಗುವ ವಸ್ತು, ಸೊಪ್ಪು ಬೇಯಿಸಿ ನೀರು ಚೆಲ್ಲಿದರೆ ಬಹಳಷ್ಟು ಅದರೊಂದಿಗೇ ಹೋಗುತ್ತದೆ. ನಿಮ್ಮ ಕಡೆಯ ಬಸ್ಸಾರಿನಲ್ಲಿ ಸೊಪ್ಪು ಪಲ್ಯಕ್ಕೆ, ಬಸಿದ ಕಟ್ಟು ಸಾರಿಗೆ, ಏನೂ ಚೆಲ್ಲುವುದಿಲ್ಲ. ಉಪ್ಪು ಹಿಡಿತದಲ್ಲಿಟ್ಟರೆ ಇದಕ್ಕಿಂತ ಒಳ್ಳೆಯ ಅಡುಗೆ ಹೇಳುವುದು ಕಷ್ಟ.

ಆಕ್ಸಲೇಟ್ ಕಲ್ಲು ಆಗಿದ್ದವರಿಗೆ ಬೀಟ್‌ರೂಟ್, ಪಾಲಕ್, ಹರಿವೆ ಮೂರೂ ಒಳ್ಳೆಯದಲ್ಲ. ಮೂತ್ರಪಿಂಡ ಕೆಟ್ಟವರಿಗೆ ಪೊಟ್ಯಾಸಿಯಂ ಏರುವ ಭಯ. ರಕ್ತ ತೆಳುವಾಗಿಸುವ ವಾರ್ಫರಿನ್, ಅಸೆನೊಕುಮರಾಲ್ ತೆಗೆದುಕೊಳ್ಳುವವರು ಸೊಪ್ಪನ್ನು ಒಂದು ವಾರ ರಾಶಿ ತಿಂದು ಮುಂದಿನ ವಾರ ಬಿಡುವುದು ಮಾಡಬಾರದು, ದಿನವೂ ಒಂದೇ ಪ್ರಮಾಣವಿರಲಿ.

ಪ್ರಶ್ನೆ: ಅಪ್ಪನಿಗೆ 68. ಕಳೆದ ವರ್ಷ ಹಾರ್ಟ್ ಅಟ್ಯಾಕ್ ಆಗಿತ್ತು. ತುಮಕೂರಿನಲ್ಲಿದ್ದಾರೆ. ನೈಟ್ರಿಕ್ ಆಕ್ಸೈಡ್ ಹೆಚ್ಚಿಸಲು ಇಲ್ಲಿಂದ ಎಲ್-ಆರ್ಜಿನೈನ್ ಪುಡಿ ಕಳುಹಿಸಬಹುದೇ?
— ಓದುಗರು, ನ್ಯೂಜೆರ್ಸಿ

ಉತ್ತರ: ದಯವಿಟ್ಟು ಕಳುಹಿಸಬೇಡಿ. ಕಚ್ಚಾ ಸಾಮಗ್ರಿ ಹೆಚ್ಚಿಸಿದರೆ ಉತ್ಪಾದನೆ ಹೆಚ್ಚುತ್ತದೆ ಎಂಬ ತರ್ಕ ಚೆನ್ನಾಗಿದೆ, ಆದರೆ ಮುಪ್ಪಿನಲ್ಲಿ ಕೆಟ್ಟಿರುವುದು ಯಂತ್ರ. ಹೃದಯಾಘಾತವಾದವರಿಗೆ ದಿನಕ್ಕೆ ಮೂರು ಸಲ 3 ಗ್ರಾಂನಂತೆ 6 ತಿಂಗಳು ಕೊಡುವ ಅಧ್ಯಯನ ಅಮೆರಿಕದಲ್ಲೇ ನಡೆಯಿತು, ಫಲಿತಾಂಶ 2006ರಲ್ಲಿ ಬಂತು. 153 ಜನರಲ್ಲಿ ಆರ್ಜಿನೈನ್ ತೆಗೆದುಕೊಂಡವರ ನಾಳದ ಬಿರುಸು ಕಡಿಮೆಯಾಗಲಿಲ್ಲ. ಅವರಲ್ಲಿ 6 ಮಂದಿ ತೀರಿಕೊಂಡರು, ಹೋಲಿಕೆಗೆಂದು ಔಷಧವಿಲ್ಲದ್ದನ್ನು ತೆಗೆದುಕೊಂಡವರಲ್ಲಿ ಯಾರೂ ಸಾಯಲಿಲ್ಲ. ಅಧ್ಯಯನಕ್ಕೆ ಹೊಸಬರನ್ನು ಸೇರಿಸಿಕೊಳ್ಳುವುದನ್ನು ಅಲ್ಲಿಗೇ ನಿಲ್ಲಿಸಿದರು. ಪೊರೆಗೆ ನಿಜವಾಗಿ ನೆರವಾಗುವ, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮತ್ತು ಬಿಪಿ ಮಾತ್ರೆಗಳು ಅಪ್ಪನ ಚೀಟಿಯಲ್ಲಿ ಈಗಾಗಲೇ ಇರಬಹುದು. ಪ್ರತಿ ಭಾನುವಾರ ಫೋನ್ ಮಾಡಿದಾಗ ಆ ಮಾತ್ರೆಗಳ ಹಾಳೆಯಲ್ಲಿ ಎಷ್ಟು ಉಳಿದಿವೆ ಎಂದು ಕೇಳಿ. ಪುಡಿಗಿಂತ ಅದು ಹೆಚ್ಚು ಕೆಲಸ ಮಾಡುತ್ತದೆ.

ಪ್ರಶ್ನೆ: ವಯಸ್ಸು 56, ಶುಗರ್ ಇದೆ. ಒಂದು ವರ್ಷದಿಂದ ನಿಮಿರುವಿಕೆ ಸರಿಯಾಗುತ್ತಿಲ್ಲ. ಅಂಗಡಿಯಲ್ಲಿ ಮಾತ್ರೆ ಕೊಡುತ್ತಾರೆ. ತೆಗೆದುಕೊಳ್ಳಲೇ?
— ಹೆಸರು, ಊರು ಬೇಡ

ಉತ್ತರ: ನಾಚಿಕೊಳ್ಳದೆ ಕೇಳಿದ್ದು ಒಳ್ಳೆಯದಾಯಿತು. ನಿಮಿರುವಿಕೆಯೂ ನೈಟ್ರಿಕ್ ಆಕ್ಸೈಡಿನ ಕೆಲಸ. ಶಿಶ್ನದ ಅಪಧಮನಿ 1–2 ಮಿಲಿಮೀಟರ್ ಅಗಲ, ಹೃದಯದ್ದು 3–4. ಪೊರೆ ಕೆಟ್ಟಾಗ ಸಣ್ಣ ನಾಳದಲ್ಲಿ ಮೊದಲು ಗೊತ್ತಾಗುತ್ತದೆ, ಹೃದಯದ ಲಕ್ಷಣ ಕೆಲವು ವರ್ಷಗಳ ನಂತರ ಬರಬಹುದು. ಆದ್ದರಿಂದ ಮಾತ್ರೆಗೆ ಮೊದಲು ಹೃದಯ, ಬಿಪಿ, ಶುಗರ್, ಕೊಲೆಸ್ಟ್ರಾಲ್ ತಪಾಸಣೆ ಆಗಲಿ. ಎದೆನೋವಿಗೆಂದು ಸಾರ್ಬಿಟ್ರೇಟ್ ಅಥವಾ ಯಾವುದೇ ನೈಟ್ರೇಟ್ ಔಷಧಿ ಬಳಸುವವರು ನಿಮಿರುವಿಕೆಯ ಮಾತ್ರೆಗಳಾದ ಸಿಲ್ಡೆನಫಿಲ್, ಟಡಾಲಫಿಲ್ ಮುಟ್ಟಲೇಬಾರದು, ಬಿಪಿ ಪ್ರಾಣಕ್ಕೆ ಎರವಾಗುವಷ್ಟು ಕುಸಿಯುತ್ತದೆ. ಸಿಲ್ಡೆನಫಿಲ್ ತೆಗೆದುಕೊಂಡ 24 ಗಂಟೆ, ಟಡಾಲಫಿಲ್ ತೆಗೆದುಕೊಂಡ 48 ಗಂಟೆಯೊಳಗೆ ಎದೆನೋವು ಬಂದರೆ ಆಸ್ಪತ್ರೆಯಲ್ಲಿ ಅದನ್ನು ಮೊದಲು ಹೇಳಿ.

ಪ್ರಶ್ನೆ: ಅಜ್ಜಿಗೆ 80. ಮುಂಗೈ ಮೇಲೆ ತಾಗಿಸಿಕೊಂಡ ನೆನಪಿಲ್ಲದಿದ್ದರೂ ನೇರಳೆ ಕಲೆ ಬೀಳುತ್ತವೆ. ಇದೂ ಒಳಪೊರೆಯ ತೊಂದರೆಯೇ?
— ಓದುಗರು, ಕುಂದಾಪುರ

ಉತ್ತರ: ಅಲ್ಲ. ಚರ್ಮದ ಕೊಲಾಜೆನ್ ತೆಳುವಾಗಿ ಸಣ್ಣ ನಾಳಗಳಿಗೆ ಸುತ್ತಲಿನ ಆಸರೆ ತಪ್ಪಿರುತ್ತದೆ, ಸಣ್ಣ ತಾಗುವಿಕೆಗೂ ಒಡೆಯುತ್ತವೆ. ಒಂದರಿಂದ ಮೂರು ವಾರದಲ್ಲಿ ಮಾಯುತ್ತವೆ, ಕಂದು ಗುರುತು ಉಳಿಯಬಹುದು. ಆಸ್ಪಿರಿನ್, ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ಹೆಚ್ಚು. ತಾವಾಗಿ ಮಾತ್ರೆ ನಿಲ್ಲಿಸುವುದು ಬೇಡ. ಉದ್ದ ತೋಳಿನ ಹತ್ತಿ ರವಿಕೆ, ದಿನಾ ಕೊಬ್ಬರಿ ಎಣ್ಣೆಯ ತೆಳು ಸವರು ಸಾಕು. ಹೊಟ್ಟೆ, ಬೆನ್ನಿನ ಮೇಲೂ ಕಲೆ ಬಿದ್ದರೆ, ವಸಡಿನಲ್ಲಿ ರಕ್ತ ಬಂದರೆ ಪ್ಲೇಟ್‌ಲೆಟ್ ಪರೀಕ್ಷೆ ಮಾಡಿಸಿ.